ಮಾವ ಸಂಚಕಾರ ತೆಗೆದುಕೊಂಡ ವರ್ಷ

ಹೋದ ವಾರ ಬೆಲ್ಲ ತರಲೆಂದು ಮಂಡಿಪೇಟೆಗೆ ಹೋಗಿದ್ದೆ. ವಿನೋಬನಗರದ ನಮ್ಮ ಬೀದಿಯಲ್ಲೇ ಬೆಲ್ಲ ಸಿಗುತ್ತದೆ. ಆದರೆ ಇಪ್ಪತ್ತು ವರ್ಷ ಮಾವ ಆರಿಸಿ ತಂದುಕೊಟ್ಟ ಬೆಲ್ಲ ತಿಂದ ನಾಲಿಗೆಗೆ ಬೀದಿ ಅಂಗಡಿಯ ಬೆಲ್ಲ ಹಿಡಿಸುವುದಿಲ್ಲ. ಆಟೋ ಇಳಿದು ಓಣಿಗೆ ಕಾಲಿಟ್ಟೆನೋ ಇಲ್ಲವೋ, ಮಳೆಗೆ ನೆನೆದ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಅದರೊಳಗೆ ಬೆಲ್ಲ, ಒಣಮೆಣಸಿನಕಾಯಿ, ಹುಣಸೆಹಣ್ಣು ಎಲ್ಲವೂ ಬೆರೆತಿದ್ದವು. ಅದು ಮಾವನ ಅಂಗಿಯ ವಾಸನೆ. ನಡುದಾರಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಕೈಗಾಡಿಯವನು "ಅಕ್ಕಾರೇ, ಸರೀರಿ" ಎಂದು ಕೂಗಿದ ಮೇಲೇ ಎಚ್ಚರವಾದದ್ದು.

ಬೆಲ್ಲದ ಅಂಗಡಿಯ ಮುಂದೆ ಚೀಲ ಇಳಿಸುತ್ತಿದ್ದ ಹಮಾಲಿಯೊಬ್ಬ ನನ್ನ ಮುಖ ನೋಡಿ ಗುರುತು ಹಿಡಿದ. "ನೀವು ರುದ್ರಪ್ಪಣ್ಣನ ಅಕ್ಕನ ಮಗಳಲ್ಲೇನ್ರಿ? ಅಣ್ಣಾರು ಹೆಂಗದಾರ್ರಿ? ಈ ಕಡೆ ಬರದೇ ಬಿಟ್ರಲ್ಲ."

"ಆರಾಮ ಅದಾರೆ" ಎಂದೆ.

"ಒಂದ್ಸಲ ಬಂದು ಹೋಗಾಕೆ ಹೇಳ್ರಿ. ಅವ್ರಿಲ್ದೆ ಬಜಾರು ಬಜಾರಂಗೇ ಇಲ್ಲ."

ಹೇಳುತ್ತೇನೆ ಎಂದು ತಲೆಯಾಡಿಸಿದೆ. ಎರಡೂ ಸುಳ್ಳು. ಮಾವ ಆರಾಮವಾಗಿಲ್ಲ, ನಾನು ಹೇಳುವ ಹಾಗೂ ಇಲ್ಲ. ಚೌಕಾಸಿ ಕೂಡ ಮಾಡದೆ ಬೆಲ್ಲ ಕಟ್ಟಿಸಿಕೊಂಡು ಬಂದೆ. ಚೌಕಾಸಿ ಮಾಡದೆ ಬಂದೆನೆಂದರೆ ನನ್ನನ್ನು ಬಲ್ಲವರಿಗೆ ಅರ್ಥವಾಗುತ್ತದೆ.

ಮಾವ ಎಂದರೆ ನನ್ನ ತಾಯಿಯ ಒಬ್ಬನೇ ತಮ್ಮ. ಊರು ಹರಿಹರದ ಹತ್ತಿರದ ಸಾರಥಿ. ಒಂದೂವರೆ ಎಕರೆ ಗದ್ದೆಯನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ದಿನಾ ಬೆಳಿಗ್ಗೆ ಬಸ್ಸು ಹತ್ತಿ ದಾವಣಗೆರೆಗೆ ಬರುತ್ತಿದ್ದ. ನಲವತ್ತು ವರ್ಷ ಮಂಡಿಪೇಟೆಯ ಒಂದೇ ಅಂಗಡಿಯಲ್ಲಿ ಮಾಲು ನೋಡುವ ಕೆಲಸ. ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಕಾಳು ಹೊರಗೆ ತೆಗೆದು, ಅಂಗೈಯಲ್ಲಿ ಹರಡಿ, ಎರಡು ಕಾಳು ಬಾಯಿಗೆ ಹಾಕಿ ಕಡಿಯುತ್ತಿದ್ದ. "ಇನ್ನಾ ಎರಡು ದಿನ ಒಣಗಬೇಕಿತ್ತು" ಎಂದರೆ ಮುಗಿಯಿತು. ಮಾರುವವನೂ ಎದುರಾಡುತ್ತಿರಲಿಲ್ಲ, ಕೊಳ್ಳುವವನೂ ಮತ್ತೆ ನೋಡುತ್ತಿರಲಿಲ್ಲ.

ಈಗಿನವರು ಅಡ್ವಾನ್ಸ್ ಎನ್ನುವುದನ್ನು ಮಾವ ಯಾವತ್ತೂ ಸಂಚಕಾರ ಎಂದೇ ಕರೆಯುತ್ತಿದ್ದ. ಮಾತು ಮುಗಿದ ಮೇಲೆ ಕೊಳ್ಳುವವನು ಮಾರುವವನ ಕೈಯಲ್ಲಿ ಒಂದಿಷ್ಟು ದುಡ್ಡು ಇಡುತ್ತಾನೆ, ಅದು ನೂರೊಂದಾದರೂ ಸರಿ. ಇಟ್ಟ ಮೇಲೆ ಮಾತು ಗಟ್ಟಿ. ಕೊಟ್ಟವನು ಹಿಂದೆ ಸರಿದರೆ ಆ ದುಡ್ಡು ಬಿಡಬೇಕು. ತೆಗೆದುಕೊಂಡವನು ಸರಿದರೆ ಎರಡರಷ್ಟು ತಿರುಗಿ ಕೊಡಬೇಕು. ಕಾಗದವಿಲ್ಲ, ಸಹಿಯಿಲ್ಲ. ಒಮ್ಮೆ ಮೆಕ್ಕೆಜೋಳದ ರೈತನೊಬ್ಬನಿಗೆ ಅಂಗಡಿಯ ಪರವಾಗಿ ಮಾವ ಸಂಚಕಾರ ಕೊಟ್ಟ ಸಂಜೆಯೇ ದರ ಬಿದ್ದುಹೋಯಿತಂತೆ. ಕೊಟ್ಟದ್ದು ಹೋದರೆ ಹೋಗಲಿ, ಆ ಮಾಲು ಬೇಡ ಎಂದು ಸಾಹುಕಾರರು ಹೇಳಿದಾಗ ಮಾವ ಹೆಗಲ ಮೇಲಿನ ಟವೆಲ್ ಕೊಡವಿ, "ಹಂಗಾರೆ ನಾಳೆಯಿಂದ ನಾನೂ ಬ್ಯಾಡ್ರಿ ನಿಮಗೆ" ಎಂದು ಎದ್ದುಬಿಟ್ಟ. ಸಾಹುಕಾರರು ಮಾಲು ತೆಗೆದುಕೊಂಡರು. ಈ ಕತೆಯನ್ನು ಮಾವ ತಾನಾಗಿ ಎಂದೂ ಹೇಳಿದವನಲ್ಲ. ಬಜಾರಿನವರು ಹೇಳಿ ನಮಗೆ ಗೊತ್ತು.

ನನ್ನದು ವಿನೋಬನಗರದಲ್ಲಿ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಎಂದು ಬೋರ್ಡಿದೆ, ಮಾಡುವುದು ಎಲ್ಲ ಕೆಲಸ: ಅರ್ಜಿ ತುಂಬುವುದು, ಆಧಾರ್ ತಿದ್ದಿಸುವುದು, ಕರೆಂಟ್ ಬಿಲ್, ಒಬ್ಬರ ದುಡ್ಡು ಇನ್ನೊಬ್ಬರಿಗೆ ಕಳಿಸುವುದು. ನನ್ನ ಬಾಯಿ ಜೋರು ಎಂದು ಬೀದಿಗೆಲ್ಲ ಗೊತ್ತು. ಲಾಟರಿ ಹತ್ತಿದೆ ಎಂದು ಮೊಬೈಲ್ ಹಿಡಿದು ಬಂದವರನ್ನು ಎಷ್ಟು ಸಲ ಬೈದು ಕಳಿಸಿದ್ದೇನೋ. "ಟಿಕೇಟು ತಗಳ್ದೆ ಲಾಟರಿ ಹೆಂಗೆ ಹತ್ತುತ್ತೆ, ನಿಮ್ ಅಜ್ಜ ತಗಂಡಿದ್ನೇನು?" ಎಂದು ಹತ್ತು ಜನರೆದುರು ಕೇಳುತ್ತಿದ್ದೆ. ಗುರುತಿಲ್ಲದವರಿಗೆ ಮುಂಗಡ ದುಡ್ಡು ಕಳಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದವಳೂ ನಾನೇ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಿರಲಿಲ್ಲ ಎಂದು ಯಾರೂ ಅಂದುಕೊಳ್ಳಬಾರದು.

ಆ ವರ್ಷ ಆರಿದ್ರಾ ಮಳೆ ಚೆನ್ನಾಗಿ ಹಿಡಿಯಿತು. ಆರಿದ್ರಾ ಆದರೆ ದಾರಿದ್ರ್ಯ ಇಲ್ಲ ಎನ್ನುತ್ತಾರೆ. ಭದ್ರಾ ನಾಲೆಗೆ ನೀರು ಬೇಗ ಬಿಡುತ್ತಾರೆಂದು ಸುದ್ದಿ ಹಬ್ಬಿ, ಸಾರಥಿಯ ಸುತ್ತ ಎಲ್ಲರೂ ಭತ್ತದ ಸಸಿಮಡಿಗೆ ಕೈಹಚ್ಚಿದ್ದರು. ಮಾವನ ಮಗಳು ಶೋಭಾ ಗಂಡನ ಮನೆ ಬಿಟ್ಟು ಬಂದದ್ದೂ ಅದೇ ಮಳೆಯಲ್ಲಿ. ಗಂಡ ಬೇರೆ ಸಂಸಾರ ಹೂಡಿದ್ದ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಒಂದು ಟ್ರಂಕು, ಕೈಯಲ್ಲಿ ನಾಲ್ಕು ಚಿನ್ನದ ಬಳೆ, ಅಷ್ಟೇ ತಂದಿದ್ದಳು. ಬಂದ ಮೂರನೆಯ ದಿನಕ್ಕೇ ಒಲೆ ಮುಂದೆ ಕೂತು ರೊಟ್ಟಿ ಬಡಿಯಲು ಶುರುಮಾಡಿದಳು. ಮೊದಲು ನೆರೆಮನೆಯವರು, ಆಮೇಲೆ ಹರಿಹರದ ಎರಡು ಮನೆಯವರು ಕೇಳಿ ತರಿಸಿಕೊಂಡರು. ಶೋಭಾಳ ತಾಯಿ ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು. ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿ ಮಾವನಿಗೆ ಒಳಗೊಳಗೇ ಖುಷಿ. ಮಗಳು ಮನೆಗೆ ಬಂದದ್ದಕ್ಕೆ ಖುಷಿಪಡುವ ಹಾಗಿಲ್ಲವಲ್ಲ ಎಂದು ಅದಕ್ಕೇ ಸಂಕಟ.

ಶೋಭಾ ಬಳೆಗಳನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟಿದ್ದಳು. "ನಿನ್ತಾವ ಇರ್ಲಿ. ನನ್ತಾವ ಇದ್ರೆ ಅವ್ನು ಬಂದು ಕೇಳಿದ್ರೂ ಕೇಳ್ದ" ಎಂದಿದ್ದಳಂತೆ. ಮಾವನ ಹತ್ತಿರ ಇಟ್ಟರೆ ಬ್ಯಾಂಕಿನಲ್ಲಿ ಇಟ್ಟ ಹಾಗೆ. ಊರಿನ ಹೆಂಗಸರು ಕೂಡ ಗಂಡಂದಿರಿಗೆ ಗೊತ್ತಾಗದ ಹಾಗೆ ಅವನ ಹತ್ತಿರ ದುಡ್ಡು ಇಟ್ಟು ಹೋಗುತ್ತಿದ್ದರು. ಆದರೆ ಮಾವನ ತಲೆಯಲ್ಲಿ ಆಗಲೇ ಒಂದು ಲೆಕ್ಕ ಶುರುವಾಗಿತ್ತು. ಹರಿಹರದ ಬಸ್‌ಸ್ಟ್ಯಾಂಡ್ ಹತ್ತಿರ ಮಗಳಿಗೆ ಒಂದು ರೊಟ್ಟಿ ಅಂಗಡಿ ಹಾಕಿಕೊಡಬೇಕು. "ನಾನು ಕಣ್ಮುಚ್ಚಿದ ಮ್ಯಾಲೆ ಅಕಿ ಯಾರ ಮುಂದೂ ಕೈ ಒಡ್ಡಬಾರ್ದು ನೋಡು" ಎಂದು ನನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಾ ಹೇಳುತ್ತಿದ್ದ. ದಿನವೂ ಮಧ್ಯಾಹ್ನ ಚಹಾಕ್ಕೆ ನನ್ನಲ್ಲಿಗೆ ಬರುವುದು ಅವನ ರೂಢಿ.

ಪುನರ್ವಸು ಮಳೆಯಲ್ಲಿ ಒಂದು ದಿನ ಛತ್ರಿ ಮಡಚುತ್ತಾ ಬಂದವನು ಚಹಾ ಮುಟ್ಟಲಿಲ್ಲ. ಮೊಬೈಲ್ ತೆಗೆದು ನನ್ನ ಮುಂದೆ ಇಟ್ಟ. ಸಾರಥಿಯ ರಸ್ತೆ ಪಕ್ಕದ ಅವನ ಗದ್ದೆಯ ಮೂಲೆಯಲ್ಲಿ ಮೊಬೈಲ್ ಟವರ್ ನಿಲ್ಲಿಸುತ್ತಾರಂತೆ. ತಿಂಗಳು ತಿಂಗಳು ಬಾಡಿಗೆ, ಮೇಲೆ ದೊಡ್ಡ ಮೊತ್ತ ಒಂದೇ ಸಲಕ್ಕೆ. ಆ ಮೊತ್ತ ಬರಬೇಕಾದರೆ ಮೊದಲು ನೋಂದಣಿ ಫೀಸು ಇವನು ಕಟ್ಟಬೇಕಂತೆ.

ನಾನು ನಕ್ಕುಬಿಟ್ಟೆ. "ಮಾವಾ, ಗೋಡೆ ಮ್ಯಾಲೆ ಏನು ಬರ್ದೈತೆ ಓದು. ಬಾಡಿಗೆ ಕೊಡೋನು ಯಾರಾರ ನಿನ್ ಹತ್ರ ದುಡ್ಡು ಕೇಳ್ತಾನೇನು? ಮನಿ ಬಾಡಿಗೆಗೆ ಬರೋನು ಮಾಲೀಕನ ಹತ್ರ ಅಡ್ವಾನ್ಸ್ ಇಸ್ಕಂತಾನೇನು?"

"ಅದು ನಂಗೂ ಹೊಳೀತು ತಂಗಿ" ಎಂದ ಮಾವ. "ಆದ್ರ ಇದು ನೋಡಿಲ್ಲಿ." ಅವನ ಖಾತೆಗೆ ಸಾವಿರದ ಒಂದು ರೂಪಾಯಿ ಬಂದು ಬಿದ್ದಿತ್ತು. ಕಂಪನಿಯವರು ಜಾಗ ಒಪ್ಪಿಕೊಂಡದ್ದಕ್ಕೆ ಹಾಕಿದ್ದು. "ಮೋಸ ಮಾಡೋನು ಮೊದ್ಲು ಕೈ ಚಾಚ್ತಾನೆ. ಇವ್ರು ಕೊಟ್ಟು ಮಾತಾಡ್ಯಾರೆ. ಸಂಚಕಾರ ಕೊಟ್ಟೋರು ಯಾರಾರ ಓಡಿ ಹೋಗಿದ್ದು ನಾನು ನೋಡಿಲ್ಲ. ಮತ್ತೆ ನಾನು ತಗಂಡೀನಿ. ದುಡ್ಡು ಬಂದ ಮ್ಯಾಲೆ ಬೆಳಿಗ್ಗೆ ಫೋನ್‌ನಾಗೆ ಒಪ್ಪೀನಿ ಅಂದೀನಿ."

ಅವನ ಮುಖ ನೋಡಿ ನನ್ನ ನಗು ನಿಂತಿತು. ಮೋಸ ಎನ್ನಲು ಸಾಕಷ್ಟು ಮಾತು ನನ್ನಲ್ಲಿತ್ತು. ಆದರೆ ಮಾವನ ಬಾಯಿಂದ ಸಂಚಕಾರ ಎಂಬ ಮಾತು ಬಂದ ಮೇಲೆ ಅದರ ಎದುರು ಮಾತಾಡಿ ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಕೊನೆಗೆ ನಾನು ಬಜಾರಿನ ಲೆಕ್ಕವನ್ನೇ ಹಿಡಿದೆ. "ಹಂಗಾರೆ ನಿಮ್ ಬಜಾರದ ಪದ್ಧತಿ ಪ್ರಕಾರ ಎರಡ್ರಷ್ಟು ತಿರುಗಿ ಹಾಕು. ಎರಡು ಸಾವಿರದ ಎರಡು. ನಿನ್ ಮಾತೂ ಉಳೀತು, ಗದ್ದೆಯೂ ಉಳೀತು."

ಇದು ಮಾವನಿಗೆ ಒಪ್ಪಿಗೆಯಾಯಿತು. ನನ್ನೆದುರೇ ಆ ನಂಬರಿಗೆ ಫೋನ್ ಹಚ್ಚಿ, ಯಾಕೋ ಮನೆಯವರಿಗೆ ಮನಸ್ಸಿಲ್ಲ, ಸಂಚಕಾರದ ಎರಡರಷ್ಟು ಹಿಂದಿರುಗಿಸುತ್ತೇನೆ ಎಂದ. ಆ ಕಡೆಯವನು ಒಂದು ಗಳಿಗೆ ಸುಮ್ಮನಿದ್ದ. ಆ ಗಳಿಗೆಯಲ್ಲಿ ಅವನಿಗೆ ತನ್ನ ಕೈಗೆ ಸಿಕ್ಕಿರುವುದು ಎಂಥ ಮನುಷ್ಯ ಎಂದು ತಿಳಿದುಹೋಯಿತು ಎಂದು ಈಗ ಅನ್ನಿಸುತ್ತದೆ. ಆಮೇಲೆ ಬಲು ನಯವಾದ ದನಿಯಲ್ಲಿ, "ಸರ್, ದುಡ್ಡಿನ ಪ್ರಶ್ನೆ ಅಲ್ಲ. ನಿಮ್ಮಂಥ ಹಿರಿಯರು ಮಾತು ಕೊಟ್ಟಿದ್ದಾರೆ ಅಂತ ನಾನು ಮೇಲಿನವರಿಗೆ ಹೇಳಿ ಆಗಿದೆ. ಈಗ ನೀವು ಹಿಂದೆ ಸರಿದರೆ ನನ್ನ ಕೆಲಸ ಹೋಗುತ್ತೆ. ನನಗೂ ಮಕ್ಕಳಿವೆ ಸರ್" ಎಂದ. ಮಾವ ಫೋನ್ ಕೆಳಗಿಟ್ಟು ನನ್ನನ್ನು ನೋಡಿದ.

"ನೋಡಿದ್ಯೇನವ್ವಾ, ನಮ್ ಸಲುವಾಗಿ ಒಬ್ಬನ ಅನ್ನ ಹೋಗ್ತೈತೆ."

ಬೀಗದ ಕೈಯನ್ನು ಕಳ್ಳನ ಕೈಗೆ ನಾನೇ ಕೊಟ್ಟಿದ್ದೆ. ಅಂದಿನಿಂದ ಅವರು ಮಾವನ ಹತ್ತಿರ ಬಾಡಿಗೆಯ ಆಸೆ ತೋರಿಸಿ ಮಾತಾಡಲಿಲ್ಲ. ಪ್ರತಿ ಸಲವೂ "ನಿಮ್ಮ ಮಾತು ಸರ್" ಎಂದೇ ಶುರುಮಾಡುತ್ತಿದ್ದರು.

ನೋಂದಣಿ ಫೀಸನ್ನು ನಾನೇ ಕಳಿಸಿದೆ. ಮಾವನಿಗೆ ಫೋನ್‌ನಲ್ಲಿ ದುಡ್ಡು ಕಳಿಸಲು ಬರುತ್ತಿರಲಿಲ್ಲ. ನೋಟು ತಂದು ಕೊಡುತ್ತಿದ್ದ, ನಾನು ನನ್ನ ಖಾತೆಯಿಂದ ಹಾಕುತ್ತಿದ್ದೆ. ಮೊದಲ ಸಲ ಬಟನ್ ಒತ್ತುವ ಮುನ್ನ, "ಶೋಭಾಗೆ ಒಂದ್ ಮಾತು ಕೇಳಾನ ಮಾವಾ" ಎಂದೆ. ಮಾವ ನನ್ನ ಕೈ ಹಿಡಿದುಕೊಂಡ. "ಬ್ಯಾಡ ನನ್ನವ್ವಾ. ಅಂಗಡಿ ಬೀಗದ ಕೈ ಅಕಿ ಕೈಯಾಗೆ ಇಟ್ಟ ದಿನಾನೇ ಹೇಳ್ತೀನಿ. ಅಲ್ಲೀತಂಕ ಹೇಳಲ್ಲ ಅಂತ ನಂಗೆ ಮಾತು ಕೊಡು." ಯಾರಿಗೂ ಹೇಳಬೇಡಿ, ಊರಲ್ಲಿ ಹೊಟ್ಟೆಕಿಚ್ಚಿನವರು ಜಾಸ್ತಿ ಎಂದು ಆ ಫೋನಿನವನೂ ಹೇಳಿಕೊಟ್ಟಿದ್ದನೆಂದು ಆಮೇಲೆ ತಿಳಿಯಿತು. ನಾನು ಮಾತು ಕೊಟ್ಟೆ.

ಬೀದಿಗೆಲ್ಲ ಬುದ್ಧಿ ಹೇಳುವ ನಾನು ಆ ದಿನ ಯಾಕೆ ಗಟ್ಟಿಯಾಗಿ ನಿಲ್ಲಲಿಲ್ಲ? ಹಲವು ಸಲ ಕೇಳಿಕೊಂಡಿದ್ದೇನೆ. ಅಪ್ಪ ಇಲ್ಲದ ನನ್ನನ್ನು ಪಿಯುಸಿ ಓದಿಸಿದವನು ಮಾವ. ಈ ಅಂಗಡಿಯ ಮೊದಲ ಜೆರಾಕ್ಸ್ ಮಷಿನ್ ಅವನು ಕೊಡಿಸಿದ್ದು. ಅವನಿಗೆ ಏನೂ ತಿಳಿಯುವುದಿಲ್ಲ ಎಂದು ಅವನ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಇನ್ನೊಂದು ಇದೆ. ಎಲ್ಲೋ ಒಳಗೆ, ಸಾವಿರದ ಒಂದು ರೂಪಾಯಿ ನನ್ನನ್ನೂ ಅಲುಗಾಡಿಸಿತ್ತು. ಒಂದು ವೇಳೆ ನಿಜವಾಗಿದ್ದರೆ ಎಂದು ನನಗೂ ಅನ್ನಿಸಿತ್ತು.

ಪುಷ್ಯ ಮಳೆಗೆ ಎರಡನೆಯ ಫೀಸು ಬಂತು. ಆಮೇಲೆ ವಿಮೆಯ ದುಡ್ಡು, ಆಮೇಲೆ ತೆರಿಗೆಯ ದುಡ್ಡು. ಪ್ರತಿ ಸಲವೂ ವಾಟ್ಸಾಪಿಗೆ ಒಂದು ಪತ್ರ, ಅದರ ಮೇಲೆ ಸಿಂಹದ ಮುದ್ರೆ, ಕೆಳಗೆ ಗೀಚಿದ ಸಹಿ. ನಾನು ಪ್ರಿಂಟ್ ತೆಗೆದು ಕೊಟ್ಟರೆ ಮಾವ ಅದನ್ನು ಮಡಚಿ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಪತ್ರದ ಕನ್ನಡ ಒಂದು ಸಾಲೂ ನೆಟ್ಟಗಿರುತ್ತಿರಲಿಲ್ಲ. ದುಡ್ಡು ಹಾಕಬೇಕಾದ ಖಾತೆ ಒಂದು ಸಲ ಒಬ್ಬ ಹೆಂಗಸಿನದು, ಇನ್ನೊಂದು ಸಲ ಯಾವನೋ ಬೇರೆ ರಾಜ್ಯದವನದು. ಇಷ್ಟು ದೊಡ್ಡ ಕಂಪನಿಗೆ ಸ್ವಂತ ಖಾತೆ ಇಲ್ಲವೇ ಎಂದು ಕೇಳಿದೆ. ಕೇಳಿ ನೋಡುತ್ತೇನೆ ಎಂದು ಹೋದ ಮಾವ ಮಾರನೆಯ ದಿನ ಬಂದು, ಅದು ಅಧಿಕಾರಿಗಳ ಖಾತೆಯಂತೆ ಎಂದ. ಬರಬೇಕಾದ ದುಡ್ಡಿನಲ್ಲೇ ಫೀಸು ಮುರಿದುಕೊಳ್ಳಲಿ ಎಂದು ಕೇಳು ಎಂದೆ. ಅದಕ್ಕೆ ನಿಯಮ ಇಲ್ಲವಂತೆ ಎಂದ.

"ಮಾವಾ, ಇಲ್ಲಿಗೇ ಬಿಡು. ಹೋಗಿದ್ದು ಹೋತು."

"ನೀರಿಗೆ ಇಳಿದ ಮ್ಯಾಲೆ ಚಳಿ ಏನು ಮಳಿ ಏನು ತಂಗಿ. ಇದೊಂದು ಕೊನೇದಂತೆ."

ಪ್ರತಿಯೊಂದೂ ಕೊನೆಯದಾಗಿತ್ತು. ಪಂಚಮಿ ಹಬ್ಬಕ್ಕೆ ಶೋಭಾ ಎಳ್ಳುಂಡೆ, ಶೇಂಗಾದುಂಡೆ ಡಬ್ಬಿಗೆ ತುಂಬಿಕೊಂಡು ನನ್ನ ಮನೆಗೆ ಬಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ನಗು ಬಂದಿತ್ತು. "ಅಪ್ಪ ಯಾಕ ಇತ್ತಿತ್ಲಾಗೆ ಊಟ ಸರಿ ಮಾಡಲ್ಲ ಅಕ್ಕಾ. ನಿನ್ ಅಂಗಡಿಗೆ ಬರ್ತಾನಲ್ಲ, ಏನಾರ ಹೇಳ್ಯಾನಾ?" ಎಂದು ಕೇಳಿದಳು. ಉಂಡೆ ನನ್ನ ಬಾಯಲ್ಲಿತ್ತು. ಇಲ್ಲ ಎಂದು ತಲೆಯಾಡಿಸಿದೆ. ಅವಳ ಕೈಗಳಲ್ಲಿ ಗಾಜಿನ ಬಳೆ ಇದ್ದವು. ಚಿನ್ನದ ಬಳೆಗಳು ಫೀಸಿಗೆಂದು ಗಿರವಿ ಅಂಗಡಿ ಸೇರಿದ್ದು ಆ ಹೊತ್ತಿಗೆ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಉಂಡೆಯನ್ನು ಡಬ್ಬಿಗೇ ತಿರುಗಿ ಇಟ್ಟೆ.

ಮಘಾ ಮಳೆಯ ಒಂದು ಸೋಮವಾರ ಇಂಜಿನಿಯರುಗಳು ಬಂದು ಪಾಯ ತೆಗೆಯುತ್ತಾರೆ ಎಂದು ಫೋನ್ ಬಂತು. ಅದಕ್ಕಾಗಿ ಮಾವ ಗದ್ದೆಯ ಆ ಮೂಲೆಗೆ ನಾಟಿ ಮಾಡಿಸಿರಲಿಲ್ಲ. ಸುತ್ತ ಎಲ್ಲ ಎಳೆ ಹಸಿರು, ಅಷ್ಟು ಜಾಗ ಮಾತ್ರ ಕೆಸರು. ಪಾಲಿಗೆ ಮಾಡುವವನಿಗೆ ಏನೋ ಸಬೂಬು ಹೇಳಿದ್ದ. ನಾನೂ ಬರಬೇಕೆಂದು ಕರೆದಿದ್ದಕ್ಕೆ ಅಂಗಡಿ ಮುಚ್ಚಿ ಬೆಳಿಗ್ಗೆಯೇ ಹೋದೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ರಸ್ತೆ ಪಕ್ಕದ ಜಾಲಿ ಮರದ ಕೆಳಗೆ ನಿಂತಿದ್ದ. ಪಕ್ಕದಲ್ಲಿ ಪೂಜೆಗೆ ತೆಂಗಿನಕಾಯಿ, ಹೂವು, ಬಂದವರಿಗೆಂದು ಫ್ಲಾಸ್ಕಿನಲ್ಲಿ ಚಹಾ, ಕಾಗದದ ಲೋಟಗಳು. ಕೂರಲಿ ಎಂದು ಯಾರದೋ ಮನೆಯಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿದ್ದ. ತಾನು ಮಾತ್ರ ಕೂರಲಿಲ್ಲ.

ಜೀಪು ಕಂಡರೆ ಮಾವ ರಸ್ತೆಗೆ ಇಳಿಯುತ್ತಿದ್ದ. ಕಾರು ನಿಧಾನವಾದರೆ ಕೈ ಮುಗಿಯುತ್ತಿದ್ದ. ಅವು ಕೆಸರು ಹಾರಿಸಿ ಹೋಗುತ್ತಿದ್ದವು. ಬಿಳಿ ಅಂಗಿಯ ಮೇಲೆ ಒಂದೊಂದಾಗಿ ಕಲೆ ಬೀಳುತ್ತಿತ್ತು. ಹನ್ನೊಂದಕ್ಕೆ ಫೋನ್ ಮಾಡಿದರೆ ದಾರಿಯಲ್ಲಿದ್ದೇವೆ ಎಂದರು. ಒಂದು ಗಂಟೆಗೆ ರಿಂಗಾಯಿತು, ಎತ್ತಲಿಲ್ಲ. ಎರಡೂವರೆಗೆ ಅವರ ಫೋನೇ ಸ್ವಿಚ್ ಆಫ್ ಆಗಿತ್ತು. ಸಣ್ಣ ಮಳೆ ಶುರುವಾಯಿತು. "ಮಳಿಗೆ ಎಲ್ಲೋ ನಿಂತಿರ್ಬೇಕು" ಎಂದ ಮಾವ.

ಮೂರರ ಹೊತ್ತಿಗೆ ಶೋಭಾ ರೊಟ್ಟಿ ಬುತ್ತಿ ಹಿಡಿದು ಗದ್ದೆಯ ಬದುವಿನ ಮೇಲೆ ನಡೆದು ಬಂದಳು. ಅಪ್ಪ ಬೆಳಿಗ್ಗೆಯಿಂದ ಹೊಲದ ಹತ್ತಿರ ಕುರ್ಚಿ ಹಾಕಿಕೊಂಡು ನಿಂತಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ತೆಂಗಿನಕಾಯಿ ನೋಡಿದಳು, ಕುರ್ಚಿ ನೋಡಿದಳು, ನನ್ನನ್ನು ನೋಡಿದಳು.

"ಏನಿದು ಅಪ್ಪಾ? ಯಾರು ಬರ್ತಾರೆ?"

ಮಾವ ಹೇಳಿದ. ಅರ್ಧ ಹೇಳುವಷ್ಟರಲ್ಲಿ ಅವನಿಗೇ ಎಲ್ಲ ತಿಳಿದುಬಿಟ್ಟಿತು. ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಮಗಳೆದುರು ಬಾಯಿಬಿಟ್ಟು ಹೇಳುತ್ತಿದ್ದ ಹಾಗೆ, ತನ್ನ ಮಾತು ತನ್ನ ಕಿವಿಗೇ ಬೀಳುತ್ತಿದ್ದ ಹಾಗೆ ದನಿ ಸಣ್ಣದಾಗುತ್ತಾ ಹೋಗಿ ನಿಂತುಹೋಯಿತು. "ಬಳಿ..." ಎಂದ. ಮುಂದಕ್ಕೆ ಆಗಲಿಲ್ಲ. ನಲವತ್ತು ವರ್ಷ ಹಿಡಿ ಕಾಳು ನೋಡಿ ಇಡೀ ಚೀಲದ ಗುಣ ಹೇಳುತ್ತಿದ್ದ ಮನುಷ್ಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಮಾವ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆ ತೀರಿಕೊಂಡಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಶೋಭಾ ಬಯ್ಯಲಿಲ್ಲ. ಸೆರಗಿನಿಂದ ಅವನ ತಲೆ ಒರೆಸಿ, "ಏಳಪ್ಪಾ, ಮಳಿ ಬರ್ತೈತೆ, ಊಟ ಮಾಡೂವಂತಿ" ಎಂದು ಎಬ್ಬಿಸಿದಳು. ನನ್ನ ಕಡೆ ಮತ್ತೆ ನೋಡಲಿಲ್ಲ.

ಮಾರನೆಯ ದಿನ ಮೂವರೂ ಹರಿಹರದ ಠಾಣೆಗೆ ಹೋದೆವು. ಅಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಮಾವನನ್ನು ಕೂರಿಸಿ ನೀರು ಕೊಟ್ಟು ಎಲ್ಲವನ್ನೂ ಬರೆದುಕೊಂಡಳು. "ಅಜ್ಜಾರೇ, ಮೊದಲು ಅವರೇ ಒಂದಿಷ್ಟು ಹಾಕೋದು ನಂಬಿಸಾಕೇ ರೀ. ಕೋಳಿಗೆ ಕಾಳು ಹಾಕಿದಂಗೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ದುಡ್ಡು ಹೋದ ಕೂಡ್ಲೇ ಸಹಾಯವಾಣಿಗೆ ಫೋನ್ ಮಾಡಿದ್ರೆ ತಡಿಯಾಕೆ ಬರ್ತಿತ್ರಿ. ಈಗ ಅದು ಹತ್ತು ಖಾತೆ ದಾಟಿರ್ತೈತೆ. ಇವೆಲ್ಲ ನಿಮ್ ಖಾತೆಯಿಂದ ಹೋಗ್ಯಾವೆ. ನಿಮಗೆ ಅನುಮಾನ ಬರ್ಲಿಲ್ಲೇನ್ರಿ?" ಎಂದು ಕೇಳಿದಳು. ತಪ್ಪು ಹುಡುಕುವ ದನಿಯಲ್ಲ, ಸುಮ್ಮನೆ ಕೇಳಿದ್ದು. ಬಂದಿತ್ತು ಎಂದೆ. ಪಕ್ಕದಲ್ಲಿ ಶೋಭಾ ಕೂತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಕಾಲ ಹೋದ ಹಾಗೆ ಮಾಸುತ್ತಿತ್ತೋ ಏನೋ. ಉತ್ತರೆ ಮಳೆಯ ಕೊನೆಗೆ, ನನ್ನ ಅಂಗಡಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿಯ ಗದ್ದಲ ಇರುವಾಗ ಮಾವ ಬಂದ. ಬಹಳ ಇಳಿದುಹೋಗಿದ್ದ. ಯಾರೋ ಅಧಿಕಾರಿ ಫೋನ್ ಮಾಡಿದ್ದರಂತೆ. ಮೋಸಗಾರರನ್ನು ಹಿಡಿದಿದ್ದಾರಂತೆ, ಹೋದ ದುಡ್ಡೆಲ್ಲ ವಾಪಸು ಬರುತ್ತದಂತೆ, ಅದಕ್ಕೆ ಕೋರ್ಟಿನ ಫೀಸು ಮಾತ್ರ ಮೊದಲು ಕಟ್ಟಬೇಕಂತೆ. "ಬಳಿ ಬಿಡಿಸ್ಕಂಡು ಅಕಿ ಕೈಗೆ ಹಾಕಿದ್ರೆ ಸಾಕು ತಂಗಿ, ನಂಗೆ ಬ್ಯಾರೆ ಏನೂ ಬ್ಯಾಡ" ಎಂದ.

ಒಮ್ಮೆ ಕಚ್ಚಿದವರ ಪಟ್ಟಿಯನ್ನು ಇಟ್ಟುಕೊಂಡು ಮತ್ತೆ ಗಾಳ ಹಾಕುತ್ತಾರೆ ಎಂದು ಆ ಕಾನ್‌ಸ್ಟೇಬಲ್ ಮೊದಲೇ ಹೇಳಿದ್ದಳು. ಇಷ್ಟು ದಿನದ ನನ್ನ ತಪ್ಪು, ನಾಚಿಕೆ, ಶೋಭಾಳ ಮೌನ ಎಲ್ಲ ಸೇರಿ ನನ್ನ ಬಾಯಿ ಹರಿದುಬಿಟ್ಟಿತು. "ನಿನಗೇನಾರ ಬುದ್ಧಿ ಐತೇನು ಮಾವಾ? ಕೂದ್ಲು ಬೆಳ್ಳಗಾಗಿದ್ದು ದಂಡ! ಮಗಳ ಬಳಿ ತಿಂದಿದ್ದು ಸಾಲ್ಲಿಲ್ಲೇನು?" ಎಂದೆ. ಅಂಗಡಿ ತುಂಬ ಜನ. ಮೊದಲ ದಿನ ಒಳಗೆ ಕರೆದು ಮೆಲ್ಲಗೆ, ಗಟ್ಟಿಯಾಗಿ ಹೇಳಬೇಕಾದ್ದನ್ನು ಆ ದಿನ ಎಲ್ಲರೆದುರು ಕೂಗಿ ಹೇಳಿದೆ. ಮಾವ ಛತ್ರಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದ. ಅವನ ಹಿಂದೆ ಓಡಿಹೋಗಿ ಕೈ ಹಿಡಿಯಬೇಕಿತ್ತು. ಸರದಿಯಲ್ಲಿ ನಿಂತವರ ಅರ್ಜಿ ತುಂಬುತ್ತಾ ಕೂತೆ.

ಅವನು ಹರಿಹರಕ್ಕೆ ಹೋಗಿ, ಗುರುತಿಲ್ಲದ ಅಂಗಡಿಯೊಂದರಲ್ಲಿ ಆ ಫೀಸನ್ನೂ ಕಳಿಸಿದ. ಮಂಡಿಪೇಟೆಯ ಸಾಹುಕಾರರ ಹತ್ತಿರ ಮುಂದಿನ ವರ್ಷದ ಸಂಬಳದ ಮೇಲೆ ಕೇಳಿ ತಂದ ದುಡ್ಡು ಅದು. ಹರಿಹರದ ಆ ಅಂಗಡಿಯಲ್ಲಿ ಅವನನ್ನು ಯಾರೂ ಬಯ್ಯಲಿಲ್ಲ, ಯಾರೂ ತಡೆಯಲೂ ಇಲ್ಲ. ಅದೂ ಹೋಯಿತು ಎಂದು ತಿಳಿದ ಮೇಲೆ ಮಾವ ಮಂಡಿಪೇಟೆಗೆ ಹೋಗುವುದನ್ನು ಬಿಟ್ಟ. ಸಾಹುಕಾರರು ಆಳು ಕಳಿಸಿ, ದುಡ್ಡಿನ ಮಾತು ಬೇಡ, ನೀನು ಬಾ ಎಂದರು. ನನಗೆ ಇನ್ನು ಮಾಲು ನೋಡಲು ಬರುವುದಿಲ್ಲ ಎಂದು ಹೇಳಿ ಕಳಿಸಿದನಂತೆ. ಆ ಸಾಲಕ್ಕೆಂದು ಗದ್ದೆಯ ಆ ಮೂಲೆಯನ್ನು ಮಾರಿದರು. ಶೋಭಾ ಹರಿಹರದಲ್ಲಿ ಯಾರದೋ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿ, ಹತ್ತಿರದಲ್ಲೇ ಒಂದು ಕೋಣೆ ಹಿಡಿದು ಅಪ್ಪನನ್ನು ಕರೆದುಕೊಂಡು ಹೋದಳು.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದೆ. ಊಟದ ಹೊತ್ತು ಮೀರಿ ಖಾನಾವಳಿ ಖಾಲಿಯಾಗಿತ್ತು, ಗಲ್ಲಾದ ಹತ್ತಿರವೂ ಶೋಭಾನೇ ಇದ್ದಳು. ಹಿಂದಿನ ಬಾಗಿಲ ಬಳಿ ಮಾವ ಗೋಡೆ ಕಡೆ ಮುಖ ಮಾಡಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ. "ಮಾವಾ" ಎಂದು ಕರೆದೆ. ಬೆರಳು ಒಂದು ಕ್ಷಣ ನಿಂತವು. ತಿರುಗಲಿಲ್ಲ. ಮತ್ತೆ ಬಿಡಿಸತೊಡಗಿದ.

ಶೋಭಾ ನನಗೆ ತಟ್ಟೆ ಇಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿ. ಎದುರು ಕೂತಳು.

"ತಪ್ಪಾತು ಶೋಭಾ" ಎಂದೆ. "ನಿನಗೆ ಹೇಳಲ್ಲ ಅಂತ ಅವ್ನಿಗೆ ಮಾತು ಕೊಟ್ಟಿದ್ನಿ."

ಅವಳು ಹಿಂಬಾಗಿಲ ಬಳಿಯ ಅಪ್ಪನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು. "ನಂಗೆ ಅಂಗಡಿ ಬೇಕು ಅಂತ ಯಾವತ್ತು ಅಂದಿದ್ನಿ ಅಕ್ಕಾ? ನಾನು ಬಂದಿದ್ದು ಅಪ್ಪನ ಹತ್ರ ಇರಾಕೆ. ಸಂಜಿ ಮಂಡಿಪೇಟೆಯಿಂದ ಬಂದು ಬಜಾರದ ಸುದ್ದಿ ಹೇಳ್ತಾ ನನ್ ಮುಂದೆ ಎರಡು ರೊಟ್ಟಿ ತಿಂತಿದ್ನಲ್ಲ, ನಂಗೆ ಅಷ್ಟೇ ಸಾಕಾಗಿತ್ತು. ಒಂದೇ ಒಂದ್ಸಲ ನನ್ ಕೇಳಿದ್ರೆ ಬ್ಯಾಡ ಅಂತಿದ್ನಿ. ನಾನು ಬ್ಯಾಡ ಅಂದ್ರೆ ಅಪ್ಪ ಬಿಡ್ತಿದ್ದ."

ಬಿಡುತ್ತಿದ್ದ. ಅದು ನನಗೂ ಗೊತ್ತು. ಮಗಳು ಬೇಡ ಎಂದದ್ದನ್ನು ಮಾವ ಎಂದೂ ಮಾಡಿದವನಲ್ಲ. ಆ ಮಳೆಗಾಲದಲ್ಲಿ ಅವನನ್ನು ಹಿಂದಕ್ಕೆ ಎಳೆಯಬಲ್ಲವಳು ಒಬ್ಬಳೇ ಇದ್ದಳು. ಅವಳೊಬ್ಬಳಿಗೇ ನಾನು ಹೇಳಲಿಲ್ಲ. ತಲೆ ತಗ್ಗಿಸಿ ರೊಟ್ಟಿ ಮುರಿದೆ. ಬಿಟ್ಟರೆ ಅವಳು ನೊಂದುಕೊಳ್ಳುತ್ತಾಳೆ ಎಂದು ಪೂರ್ತಿ ತಿಂದೆ.

ಕೈ ತೊಳೆದು ಬಂದು, ಏನು ಮಾಡಬೇಕೆಂದು ತೋಚದೆ, ಪರ್ಸಿನಿಂದ ಇನ್ನೂರರ ನೋಟು ತೆಗೆದು ಗಲ್ಲಾದ ಮೇಲೆ ಇಟ್ಟೆ. ನಮ್ಮಲ್ಲಿ ಯಾರೂ ಮನೆಮಂದಿಯ ಕೈಯಲ್ಲಿ ಉಂಡು ದುಡ್ಡು ಕೊಡುವುದಿಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಬೇಡ ಅಕ್ಕಾ ಎಂದು ನೂಕುತ್ತಾಳೆ, ಬಯ್ಯುತ್ತಾಳೆ, ಆಗ ಅವಳನ್ನು ಹಿಡಿದುಕೊಂಡು ಅತ್ತುಬಿಡಬಹುದು ಎಂದುಕೊಂಡಿದ್ದೆ.

ಶೋಭಾ ನೋಟು ತೆಗೆದುಕೊಂಡಳು. ಗಲ್ಲಾ ತೆರೆದು, ಚಿಲ್ಲರೆ ನನ್ನ ಕೈಗೆ ಕೊಟ್ಟು, ಒದ್ದೆ ಬಟ್ಟೆ ಹಿಡಿದು ನಾನು ಉಂಡ ಮೇಜು ಒರೆಸಲು ಹೋದಳು.